ತಣ್ಣನೆಯ ಜಾಗದಲ್ಲಿರುವ ಬಾಯ್ಲರ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ

ಮನೆ ಬಿಸಿ ಮಾಡುವ ಬಾಯ್ಲರನ್ನು ಜಾಗ ಉಳಿಸಲೆಂದೋ ಸದ್ದು ದೂರವಿರಲೆಂದೋ ಗ್ಯಾರೇಜಿನಲ್ಲಿ, ಅಟ್ಟದ ಮೇಲೆ ಅಥವಾ ಹಿತ್ತಿಲ ಕೋಣೆಯಲ್ಲಿ ಕೂರಿಸುವುದುಂಟು. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ತನಕ ಇದರಿಂದ ತೊಂದರೆಯಿಲ್ಲ. ಇಳಿದ ಮೇಲೆ ಹೆಚ್ಚಿನವರು ನೆಚ್ಚಿಕೊಳ್ಳುವುದು ಒಂದೇ ಮಾತನ್ನು: "ಬಾಯ್ಲರಿನಲ್ಲೇ ಫ್ರಾಸ್ಟ್ ಪ್ರೊಟೆಕ್ಷನ್ ಇದೆಯಲ್ಲ." ಹೆಪ್ಪುಗಟ್ಟದಂತೆ ಕಾಯುವ ಆ ವ್ಯವಸ್ಥೆ ಇದೆ, ನಿಜ. ಆದರೆ ಅದು ಕಾಯುವುದು ಪೆಟ್ಟಿಗೆಯ ಒಳಗಿರುವುದನ್ನು ಮಾತ್ರ, ಮೊದಲು ಹೆಪ್ಪುಗಟ್ಟುವುದೋ ಪೆಟ್ಟಿಗೆಯ ಹೊರಗಿನ ಪೈಪುಗಳು.

ಆ ವ್ಯವಸ್ಥೆ ಕೆಲಸ ಮಾಡುವ ಬಗೆ ಸರಳ. ಬಾಯ್ಲರಿನೊಳಗಿನ ನೀರಿನ ಉಷ್ಣಾಂಶ ಒಂದು ಮಿತಿಗಿಂತ ಕೆಳಗಿಳಿದರೆ, ಹಲವು ಮಾದರಿಗಳಲ್ಲಿ ಸುಮಾರು 5ರಿಂದ 8 ಡಿಗ್ರಿ ಸೆಲ್ಸಿಯಸ್, ಮೊದಲು ಪಂಪು ತಿರುಗುತ್ತದೆ. ಅಷ್ಟು ಸಾಲದಿದ್ದರೆ ಬರ್ನರ್ ಹೊತ್ತಿಕೊಂಡು ನೀರನ್ನು ಸ್ವಲ್ಪ ಬಿಸಿ ಮಾಡಿ ಆರುತ್ತದೆ. ಇದು ನಡೆಯಬೇಕಾದರೆ ಕರೆಂಟು ಇರಬೇಕು, ಗ್ಯಾಸು ಅಥವಾ ಎಣ್ಣೆ ಬರುತ್ತಿರಬೇಕು, ನೀರಿನ ಒತ್ತಡ ಸಾಕಷ್ಟಿರಬೇಕು, ಬಾಯ್ಲರ್ ಯಾವುದೇ ದೋಷದಿಂದ ಲಾಕ್ ಆಗಿ (ರೀಸೆಟ್ ಒತ್ತುವ ತನಕ ನಿಂತುಹೋಗಿ) ಇರಬಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ಕಾವಲು ಹೋಯಿತು. ಹಾಗಾಗಿ ಚಳಿಗಾಲದಲ್ಲಿ ಊರಿಗೆ ಹೋಗುವಾಗ "ಸುಮ್ಮನೆ ಯಾಕೆ" ಎಂದು ನೀರು ಬಸಿಯದೆ ಬಾಯ್ಲರಿನ ಮೇನ್ ಸ್ವಿಚ್ ಆರಿಸಿ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಪೈಪು ಒಡೆಯುವುದೇಕೆ ಎಂಬುದನ್ನೂ ತಿಳಿದಿದ್ದರೆ ಮುಂದಿನ ಕೆಲಸ ಸುಲಭ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು 9 ಶೇಕಡ ಹಿಗ್ಗುತ್ತದೆ. ಮಂಜು ಪೈಪಿನೊಳಗೆ ಬಿರಡೆಯಂತೆ ಕೂತು ಬೆಳೆಯುತ್ತಾ, ತನಗೂ ಮುಚ್ಚಿದ ವಾಲ್ವಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಪೈಪು ಒಡೆಯುವುದು ಮಂಜು ಕಟ್ಟಿದ ಜಾಗದಲ್ಲೇ ಆಗಬೇಕೆಂದಿಲ್ಲ. ಒಂದು ಮೀಟರು ಆಚೆಯ ಜಾಯಿಂಟ್ ಬಿಟ್ಟುಕೊಳ್ಳಬಹುದು, ಬಾಯ್ಲರಿನೊಳಗೆ ನಲ್ಲಿನೀರಿಗೆ ಬಿಸಿ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಬಿರಿಯಬಹುದು.

ಮೊದಲು ಕಂಡೆನ್ಸೇಟ್ ಪೈಪು

ಕಂಡೆನ್ಸಿಂಗ್ ಬಾಯ್ಲರಿನಲ್ಲಿ ಹೊಗೆಯ ಆವಿ ತಣಿದು ನೀರಾಗಿ ಹೊರಗೆ ಹೋಗುತ್ತದೆ, ಕಂಡೆನ್ಸೇಟ್ ಎಂದರೆ ಆ ನೀರೇ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಅದರಲ್ಲಿ ಒಳ್ಳೆಯ ಪಾಲು ದ್ರವವಾಗಿ ಈ ಪೈಪಿಗೆ ಇಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಬಾಯ್ಲರ್ ಹೆಚ್ಚು ಹೊತ್ತು ಉರಿಯುತ್ತದೆ, ಅಂದರೆ ಪೈಪು ಅತಿ ತಣ್ಣಗಿರುವ ರಾತ್ರಿಯೇ ಅದರಲ್ಲಿ ನೀರೂ ಹೆಚ್ಚು. ಈ ನೀರು ಧಾರೆಯಾಗಿ ಬಂದರೆ ಹರಿದು ಹೋಗುತ್ತದೆ. ತೊಟ್ಟು ತೊಟ್ಟಾಗಿ ಬಂದರೆ ಪ್ರತಿ ತೊಟ್ಟೂ ಪೈಪಿನ ಗೋಡೆಗೆ ಅಂಟಿ ಮಂಜಾಗುತ್ತದೆ, ಬೆಳಗಾಗುವುದರೊಳಗೆ ಪೈಪು ಕಟ್ಟಿಕೊಂಡಿರುತ್ತದೆ. ನೀರು ಹಿಂದಕ್ಕೆ ತುಂಬಿ ಬಾಯ್ಲರ್ ಗುಳುಗುಳು ಸದ್ದು ಮಾಡಿ ಲಾಕ್ ಆಗುತ್ತದೆ. ಲಾಕ್ ಆದ ಬಾಯ್ಲರಿಗೆ ಫ್ರಾಸ್ಟ್ ಪ್ರೊಟೆಕ್ಷನ್ನೂ ಇರುವುದಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಪೈಪಿನಿಂದ ಶುರುವಾದದ್ದು ಹೀಟ್ ಎಕ್ಸ್‌ಚೇಂಜರ್ ತನಕ ಮುಟ್ಟುವುದು ಹೀಗೆ. ಖರ್ಚು ಮಾಡಲು ಸ್ವಲ್ಪವೇ ಹಣವಿದ್ದರೆ ಅದು ಮೊದಲು ಇಲ್ಲಿಗೆ ಹೋಗಲಿ.

ಎಲ್ಲಕ್ಕಿಂತ ಒಳ್ಳೆಯದು ಈ ಪೈಪು ಮನೆಯಿಂದ ಹೊರಗೆ ಹೋಗದಿರುವುದು. ಅಡುಗೆಮನೆಯ ಸಿಂಕಿನ ಕೊಳವೆಗೋ ಒಳಗಿನ ತ್ಯಾಜ್ಯದ ಪೈಪಿಗೋ ಸೇರಿಸಲು ದಾರಿಯಿದ್ದರೆ ಅದನ್ನೇ ಹಿಡಿಯಿರಿ. ಹೊರಗೆ ಹೋಗಲೇಬೇಕಾದರೆ ಇಷ್ಟನ್ನು ಗಮನಿಸಿ:

ಹೊರಗಿನ ಓಟ 3 ಮೀಟರ್ ಮೀರದಿರಲಿ, ಚಿಕ್ಕದಾದಷ್ಟೂ ಒಳಿತು. ಒಳಗೆ 21.5 ಮಿ.ಮೀ. ಪೈಪಿದ್ದರೂ ಗೋಡೆ ದಾಟುವ ಮೊದಲೇ ಅದನ್ನು 32 ಮಿ.ಮೀ.ಗೆ ಏರಿಸಿ. ಗೋಡೆಯ ಆಚೆ ಏರಿಸಿದರೆ ಗೋಡೆಯೊಳಗಿನ ಸಣ್ಣ ತುಂಡೇ ಕಟ್ಟಿಕೊಳ್ಳುತ್ತದೆ. ವಾಟ ಪ್ರತಿ ಮೀಟರಿಗೆ ಕನಿಷ್ಠ 50 ಮಿ.ಮೀ. ಇರಬೇಕು, ಎಲ್ಲಿಯೂ ಜೋತು ಬೀಳಬಾರದು. ಕ್ಲಿಪ್ಪುಗಳನ್ನು ಅರ್ಧ ಮೀಟರಿಗೊಂದರಂತೆ ಹೊಡೆದರೆ ಜೋಲುವ ಪ್ರಶ್ನೆಯಿಲ್ಲ. ಎರಡು ಕ್ಲಿಪ್ಪಿನ ನಡುವೆ ಬೆರಳಗಲ ತಗ್ಗು ಬಿದ್ದರೂ ಅಲ್ಲಿ ನೀರು ನಿಂತು ಮೊದಲ ಮಂಜು ಅಲ್ಲೇ ಕಟ್ಟುತ್ತದೆ. ಎಲ್ಬೋಗಳು (ಪೈಪಿನ ತಿರುವುಗಳು) ಆದಷ್ಟು ಕಡಿಮೆಯಿರಲಿ, ಬೇಕಾದಲ್ಲಿ 90 ಡಿಗ್ರಿಯ ಒಂದರ ಬದಲು 45 ಡಿಗ್ರಿಯ ಎರಡು ಹಾಕಿ. ಪೈಪಿನ ಬಾಯಿಯನ್ನು ಓರೆಯಾಗಿ ಕತ್ತರಿಸಿದರೆ ತೊಟ್ಟು ತುದಿಯಲ್ಲಿ ನಿಲ್ಲದೆ ಜಾರುತ್ತದೆ. ಚರಂಡಿಯ ಜಾಲರಿಯ ಕೆಳಗೆ, ಆದರೆ ನಿಂತ ನೀರಿನ ಮೇಲೆ ಆ ಬಾಯಿ ಕೊನೆಗೊಳ್ಳಲಿ. ಜಾಲರಿಯ ಮೇಲೆ ನಿಲ್ಲಿಸಿದರೆ ಗಾಳಿ ಬಡಿದು ಬಾಯಿಯೇ ಮೊದಲು ಮುಚ್ಚಿಹೋಗುತ್ತದೆ.

ಈ ನೀರು ಆಮ್ಲೀಯ. ಆದ್ದರಿಂದ ತಾಮ್ರ ಬೇಡ, ಕಬ್ಬಿಣವೂ ಬೇಡ, ಪ್ಲಾಸ್ಟಿಕ್ ಪೈಪೇ ಸರಿ. ಹೊರಗಿನ ಭಾಗಕ್ಕೆ ಮಳೆ ಬಿಸಿಲು ತಡೆಯುವ, ನೀರು ಹೀರದ ಫೋಮ್ ಹೊದಿಕೆ ಸುತ್ತಿ ಸೀಳಿದ ಅಂಚನ್ನು ಟೇಪಿನಿಂದ ಮುಚ್ಚಿ. ಒದ್ದೆಯಾದ ಹೊದಿಕೆ ಹೊದಿಕೆಯೇ ಅಲ್ಲ. ಬಾಯ್ಲರ್ ಕೊಳ್ಳುವ ಹಂತದಲ್ಲೇ ಇದ್ದರೆ ಸೈಫನ್ ಇರುವ ಟ್ರ್ಯಾಪಿನ (ಹೊಗೆ ಕೋಣೆಗೆ ಬರದಂತೆ ನೀರು ನಿಲ್ಲಿಸಿಕೊಳ್ಳುವ ಬಾಗಿನ) ಮಾದರಿ ಕೇಳಿ. ಅದು ನೀರನ್ನು ತೊಟ್ಟಿಕ್ಕಿಸದೆ, ಒಂದಿಷ್ಟು ತುಂಬಿದ ಮೇಲೆ ಒಟ್ಟಿಗೆ ಬಿಡುತ್ತದೆ. ನೆಲಮಾಳಿಗೆಯಿಂದ ಪಂಪಿನ ಮೂಲಕ ಮೇಲೆತ್ತುವವರು ಪಂಪಿನ ತೆಳು ಟ್ಯೂಬನ್ನು ಹೊರಗೋಡೆಯ ಮೇಲೆ ಓಡಿಸಲೇಬಾರದು, ಅಷ್ಟು ಸಣ್ಣ ಕೊಳವೆ ಕಟ್ಟಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ.

ಉಳಿದ ಪೈಪುಗಳು, ಹೊದಿಕೆ, ಬಿಸಿ ಕೇಬಲ್

ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿ ಹೋಗುವುದನ್ನು ತಡ ಮಾಡುತ್ತದೆ ಅಷ್ಟೆ. ಒಂದು ರಾತ್ರಿಯ ಚಳಿಗೆ ಅದು ಸಾಕಾಗಬಹುದು, ಎರಡು ದಿನ ನಿಂತ ನೀರಿಗೆ ಸಾಲದು. 15 ಮಿ.ಮೀ. ತಾಮ್ರದ ಪೈಪಿನಲ್ಲಿ ಮೀಟರಿಗೆ ಸುಮಾರು 0.15 ಲೀಟರ್ ನೀರು ಹಿಡಿಸುತ್ತದೆ, 28 ಮಿ.ಮೀ.ನಲ್ಲಿ ಅರ್ಧ ಲೀಟರಿಗೂ ಮೇಲೆ. ಸಣ್ಣ ಪೈಪೇ ಬೇಗ ಸೋಲುತ್ತದೆ, ದಪ್ಪ ಹೊದಿಕೆ ಬೇಕಿರುವುದೂ ಅದಕ್ಕೇ. 15 ಮತ್ತು 22 ಮಿ.ಮೀ. ಪೈಪುಗಳಿಗೆ 25 ಮಿ.ಮೀ. ದಪ್ಪದ ಮುಚ್ಚಿದ ಕೋಶದ ರಬ್ಬರ್ ಫೋಮ್ ಹಾಕಿ. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ 9 ಮಿ.ಮೀ. ಹೊದಿಕೆ ತಣ್ಣನೆಯ ಗ್ಯಾರೇಜಿಗೆ ಸಾಲದು.

ಜನ ನೇರ ಪೈಪಿಗೆಲ್ಲ ಸುತ್ತಿ ಎಲ್ಬೋ, ವಾಲ್ವ್, ಪಂಪಿನ ಜೋಡಣೆಗಳನ್ನು ಬೆತ್ತಲೆ ಬಿಡುತ್ತಾರೆ. ಲೋಹ ಹೆಚ್ಚಿರುವ ಆ ಜಾಗಗಳಿಂದಲೇ ಬಿಸಿ ಸೋರುತ್ತದೆ. ಎಲ್ಬೋದಲ್ಲಿ ಹೊದಿಕೆಯನ್ನು 45 ಡಿಗ್ರಿಗೆ ಕತ್ತರಿಸಿ ಎರಡು ತುಂಡು ಕೂಡಿಸಿ ಅಂಟಿಸಿ. ಪೈಪು ಗೋಡೆ ದಾಟುವ ತೂತಿನ ಸುತ್ತ ಸಂದಿ ಇದ್ದರೆ ತುಂಬಿಸಿ, ಅದರಲ್ಲಿ ನುಗ್ಗುವ ಗಾಳಿ ಒಂದೇ ಬಿಂದುವನ್ನು ರಾತ್ರಿಯಿಡೀ ತಣಿಸುತ್ತಿರುತ್ತದೆ. ಗ್ಯಾರೇಜಿನ ಬಾಗಿಲಿನ ಕೆಳಗಿನ ಸಂದಿಗೂ ರಬ್ಬರ್ ಪಟ್ಟಿ ಹಾಕಿ. ಆದರೆ ಬಾಯ್ಲರ್ ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುವ ಹಳೆಯ ಬಗೆಯದಾಗಿದ್ದರೆ, ಅದಕ್ಕೆಂದೇ ಬಿಟ್ಟ ಗಾಳಿಕಿಂಡಿಯನ್ನು ಯಾವ ಚಳಿಗೂ ಮುಚ್ಚಬೇಡಿ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದು ಪ್ರಾಣ ತೆಗೆಯುತ್ತದೆ. ಬಾಯ್ಲರಿನ ಪೆಟ್ಟಿಗೆಗೆ ಕಂಬಳಿ ಹೊದಿಸುವುದು, ಹೊಗೆ ಕೊಳವೆಗೆ ಫೋಮ್ ಸುತ್ತುವುದೂ ಬೇಡ.

ಹರಿವಿಲ್ಲದ ತುಂಡುಗಳನ್ನು ಹುಡುಕಿ ನೋಡಿ. ಬಾಯ್ಲರಿಗೆ ಬರುವ ತಣ್ಣೀರಿನ ಪೈಪು ಅವುಗಳಲ್ಲಿ ಮೊದಲನೆಯದು: ರಾತ್ರಿ ಯಾರೂ ನಲ್ಲಿ ತಿರುಗಿಸದಿದ್ದರೆ ಅದರ ನೀರು ನಿಂತಲ್ಲೇ ನಿಂತಿರುತ್ತದೆ, ಹೀಟಿಂಗ್ ಪಂಪು ಎಷ್ಟು ತಿರುಗಿದರೂ ಅದಕ್ಕೆ ಬಿಸಿ ಮುಟ್ಟುವುದಿಲ್ಲ. ಎಕ್ಸ್‌ಪ್ಯಾನ್ಶನ್ ಟ್ಯಾಂಕಿಗೆ (ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ ಟ್ಯಾಂಕು) ಹೋಗುವ ಮೆದು ಪೈಪು, ಒತ್ತಡದ ಮಾಪಕಕ್ಕೆ ಹೋಗುವ ಸಣ್ಣ ನಳಿಕೆ, ನೀರು ತುಂಬುವ ಹೋಸು ಇವೂ ಹಾಗೆಯೇ. ತುಂಬುವ ಹೋಸನ್ನು ಕೆಲಸವಾದೊಡನೆ ಬಿಚ್ಚಿ ಇಡಬೇಕು. ಒತ್ತಡ ಹೆಚ್ಚಾದಾಗ ನೀರು ಬಿಡುವ ಸೇಫ್ಟಿ ವಾಲ್ವಿನ ಹೊರಪೈಪು ಉದ್ದಕ್ಕೂ ವಾಟವಾಗಿ ಇಳಿದಿರಲಿ. ಸೋರುವ ವಾಲ್ವಿನಿಂದ ಅದರಲ್ಲಿ ಮಂಜು ಕಟ್ಟಿದರೆ, ನಿಜಕ್ಕೂ ಒತ್ತಡ ಏರಿದಾಗ ನೀರು ಹೋಗಲು ದಾರಿಯೇ ಇರುವುದಿಲ್ಲ.

ಹೊದಿಕೆ ಸಾಲದ ಕಡೆ ಬಿಸಿ ಕೇಬಲ್ ಹಾಕಬಹುದು. ಮೀಟರಿಗೆ ಸುಮಾರು 10 ವಾಟಿನ, ತಣ್ಣಗಾದಷ್ಟೂ ಹೆಚ್ಚು ಬಿಸಿಯಾಗುವ ಸ್ವಯಂನಿಯಂತ್ರಿತ ಬಗೆಯನ್ನೇ ಆರಿಸಿ. ಸ್ಥಿರ ವಾಟಿನ ಕೇಬಲನ್ನು ತನ್ನ ಮೇಲೇ ಅಡ್ಡ ಹಾಯಿಸಿದರೆ ಆ ಬಿಂದು ಸುಟ್ಟುಹೋಗುತ್ತದೆ. ಕೇಬಲನ್ನು ಪೈಪಿನ ಕೆಳಬದಿಗೆ ನೇರವಾಗಿ ಒತ್ತಿ, ಪೈಪು ಪ್ಲಾಸ್ಟಿಕ್ಕಾದರೆ ಮೇಲೆ ಅಲ್ಯೂಮಿನಿಯಂ ಟೇಪು ಅಂಟಿಸಿ, ಆಮೇಲೆ ಹೊದಿಕೆ ಸುತ್ತಿ. ಪೂರೈಕೆ, ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಡಿ ಮೂಲಕವೇ ಬರಲಿ.

ಫ್ರಾಸ್ಟ್ ಥರ್ಮೋಸ್ಟಾಟ್: ಮನೆ ಬೆಚ್ಚಗಿದ್ದಾಗಲೇ ಬೇಕಾಗುವುದು

ಬಾಯ್ಲರ್ ಯಾವಾಗ ಉರಿಯಬೇಕೆಂದು ಹೇಳುವುದು ನಡುಮನೆಯ ಗೋಡೆಯ ಮೇಲಿನ ಥರ್ಮೋಸ್ಟಾಟ್. ಅದಕ್ಕೆ ಗ್ಯಾರೇಜಿನ ಚಳಿ ಗೊತ್ತಿಲ್ಲ. ಸಂಜೆ ಕಟ್ಟಿಗೆ ಒಲೆ ಹಚ್ಚಿ ನಡುಮನೆ 22 ಡಿಗ್ರಿಗೆ ಏರಿದರೆ ಅದು ರಾತ್ರಿಯಿಡೀ ಬಾಯ್ಲರಿಗೆ ಕರೆಯನ್ನೇ ಕಳಿಸುವುದಿಲ್ಲ. ಒಳಗೆ ಎಲ್ಲರೂ ಬೆಚ್ಚಗೆ ಮಲಗಿರುವಾಗ ಹೊರಗೆ ಪೈಪಿನ ನೀರು ಗಟ್ಟಿಯಾಗುತ್ತಿರುತ್ತದೆ. ಇದಕ್ಕೆ ಮದ್ದು ಎರಡು ಸಣ್ಣ ಸಾಧನಗಳ ಜೋಡಿ.

ಮೊದಲನೆಯದು ಗಾಳಿಯ ಉಷ್ಣಾಂಶ ನೋಡುವ ಫ್ರಾಸ್ಟ್ ಥರ್ಮೋಸ್ಟಾಟ್. ಬಾಯ್ಲರ್ ಇರುವ ಜಾಗದಲ್ಲೇ, ಅದರ ಅತಿ ತಣ್ಣನೆಯ ಮೂಲೆಯಲ್ಲಿ, ಬಾಯ್ಲರಿನ ನೇರ ಮೇಲೆ ಅಲ್ಲದೆ, ಬಿಸಿಲು ಬೀಳದ ಕಡೆ ಕೂರಿಸಿ 4 ಅಥವಾ 5 ಡಿಗ್ರಿಗೆ ಇಡಿ. ಎರಡನೆಯದು ಕೋಣೆ ಬಿಸಿ ಮಾಡುವ ರೇಡಿಯೇಟರುಗಳಿಂದ ಬಾಯ್ಲರಿಗೆ ಹಿಂತಿರುಗುವ ಪೈಪಿಗೆ ಕಟ್ಟುವ ಪೈಪ್ ಥರ್ಮೋಸ್ಟಾಟ್, ಅದನ್ನು 20ರಿಂದ 25 ಡಿಗ್ರಿಗೆ ಇಡಿ. ಎರಡನ್ನೂ ಸರಣಿಯಲ್ಲಿ ಜೋಡಿಸಿ, ಟೈಮರಿನ ಹಂಗಿಲ್ಲದೆ ಸದಾ ಕರೆಂಟಿರುವ ತಂತಿಯಿಂದ ಹೊರಟು ಕೋಣೆಯ ಥರ್ಮೋಸ್ಟಾಟ್ ಕರೆ ಕಳಿಸುವ ತಂತಿಗೇ ಸೇರಿಸಬೇಕು. ಗಾಳಿ 5 ಡಿಗ್ರಿಗಿಂತ ಕೆಳಗೆ, ಪೈಪು 25ಕ್ಕಿಂತ ಕೆಳಗೆ ಇದ್ದಾಗ ಮಾತ್ರ ಬಾಯ್ಲರ್ ಉರಿಯುತ್ತದೆ, ಪೈಪು ಬಿಸಿಯಾದೊಡನೆ ಆರುತ್ತದೆ. ಪೈಪ್ ಥರ್ಮೋಸ್ಟಾಟ್ ಬಿಟ್ಟು ಬರೀ ಮೊದಲನೆಯದನ್ನು ಹಾಕಿದರೆ ಗ್ಯಾರೇಜಿನ ಗಾಳಿ ಬಿಸಿಯಾಗುವ ತನಕ ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಗ್ಯಾರೇಜು ಬಿಸಿಯಾಗುವುದಿಲ್ಲ, ಮನೆ ಮಾತ್ರ ನಡುರಾತ್ರಿ ಬೇಯುತ್ತದೆ.

ಇಲ್ಲಿ ಕೆಡುವುದು ಮೂರು ಕಡೆ. ಬಾಯ್ಲರಿನ ಥರ್ಮೋಸ್ಟಾಟ್ ಟರ್ಮಿನಲ್ 24 ವೋಲ್ಟಿನದಾಗಿದ್ದು ಅದಕ್ಕೆ ಮನೆಯ ಕರೆಂಟು ಕೊಟ್ಟರೆ ಸರ್ಕ್ಯೂಟ್ ಬೋರ್ಡು ಸುಡುತ್ತದೆ. ಅಂಥ ಕಡೆ ಕರೆಂಟು ಹಾಯಿಸದೆ ಬರೀ ಸಂಪರ್ಕ ಕೂಡಿಸುವ ರಿಲೇ ಬೇಕು, ಕೈಪಿಡಿಯ ವೈರಿಂಗ್ ಚಿತ್ರ ನೋಡದೆ ಮುಟ್ಟಬೇಡಿ. ಮನೆಯಲ್ಲಿ ಹೀಟಿಂಗ್ ನೀರಿನ ದಾರಿ ತೆರೆದು ಮುಚ್ಚುವ ಮೋಟಾರು ವಾಲ್ವ್ ಇದ್ದರೆ ಕರೆ ಹೋಗಬೇಕಾದದ್ದು ಆ ವಾಲ್ವಿಗೆ, ನೇರ ಬಾಯ್ಲರಿಗಲ್ಲ. ಇಲ್ಲವಾದರೆ ಮುಚ್ಚಿದ ವಾಲ್ವಿಗೆ ಪಂಪು ತಲೆ ಚಚ್ಚಿಕೊಂಡಂತಾಗುತ್ತದೆ. ಮೂರನೆಯದು ರೇಡಿಯೇಟರುಗಳು: ಕೋಣೆ ಬೆಚ್ಚಗಿದ್ದರೆ ಥರ್ಮೋಸ್ಟಾಟಿಕ್ ವಾಲ್ವುಗಳೆಲ್ಲ ಮುಚ್ಚಿರುತ್ತವೆ. ಸದಾ ತೆರೆದಿರುವ ಒಂದು ರೇಡಿಯೇಟರ್ ಅಥವಾ ನೀರಿಗೆ ಅಡ್ಡದಾರಿ ಕೊಡುವ ಬೈಪಾಸ್ ವಾಲ್ವ್ ಇಲ್ಲದಿದ್ದರೆ ನೀರು ಸುತ್ತುವುದೇ ಇಲ್ಲ.

ಜೋಡಿಸಿದ ಮೇಲೆ ಪರೀಕ್ಷಿಸುವುದು ಸುಲಭ. ಕೋಣೆಯ ಥರ್ಮೋಸ್ಟಾಟನ್ನು ಕನಿಷ್ಠಕ್ಕೆ ಇಳಿಸಿ, ಫ್ರಾಸ್ಟ್ ಥರ್ಮೋಸ್ಟಾಟನ್ನು ಗ್ಯಾರೇಜಿನ ಗಾಳಿಗಿಂತ ಮೇಲಕ್ಕೆ ತಿರುಗಿಸಿ. ಬಾಯ್ಲರ್ ಹೊತ್ತಿಕೊಳ್ಳಬೇಕು, ಹಿಂತಿರುಗುವ ಪೈಪು ಕೈಗೆ ಉಗುರುಬೆಚ್ಚಗಾದಾಗ ಆರಬೇಕು. ಪರೀಕ್ಷೆ ಮುಗಿಸಿ 5ಕ್ಕೆ ಮರಳಿಸುವುದನ್ನು ಮರೆಯಬೇಡಿ.

ಕರೆಂಟು ಹೋದರೆ, ಇಂಧನ ನಿಂತರೆ

ಒಂದು ಸಾಧಾರಣ ಗ್ಯಾಸ್ ಬಾಯ್ಲರ್ ಪಂಪು ಸೇರಿ 100 ವಾಟಿನ ಆಸುಪಾಸು ಎಳೆಯುತ್ತದೆ. 12 ವೋಲ್ಟ್ 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸುವುದು ಕ್ಷೇಮ, ಇನ್ವರ್ಟರಿನ ನಷ್ಟ ಕಳೆದರೆ 500 ವಾಟ್-ಅವರ್ ಉಳಿದೀತು. ಅಂದರೆ ಎಡೆಬಿಡದೆ ಉರಿದರೆ 5 ಗಂಟೆ. ಹೆಪ್ಪುಗಟ್ಟದಂತೆ ಕಾಯಲು ಆಗಾಗ ಉರಿದರೆ ಸಾಕಾದ್ದರಿಂದ ನಿಜದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬರುತ್ತದೆ. ಇನ್ವರ್ಟರ್ ಶುದ್ಧ ಸೈನ್ ವೇವ್‌ನದಿರಲಿ. ಅದರ ನ್ಯೂಟ್ರಲ್ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಲವು ಬಾಯ್ಲರುಗಳು ಜ್ವಾಲೆಯನ್ನು ಗುರುತಿಸಲಾರದೆ ಹೊತ್ತಿದ ಕ್ಷಣವೇ ಆರಿ ಲಾಕ್ ಆಗುತ್ತವೆ. ಜನರೇಟರನ್ನು ಗ್ಯಾರೇಜಿನೊಳಗೆ, ಬಾಗಿಲು ತೆರೆದಿಟ್ಟು ಕೂಡ, ಓಡಿಸಬೇಡಿ.

ಸಿಲಿಂಡರ್ ಹೊರಗಿರುವವರು ಪ್ರೊಪೇನ್ ತುಂಬಿದ್ದನ್ನೇ ತರಿಸಿಕೊಳ್ಳಿ. ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನಿನ ಕುದಿಬಿಂದು ಸೊನ್ನೆಗಿಂತ 42 ಡಿಗ್ರಿ ಕೆಳಗಿದೆ. ಎಣ್ಣೆಯ ಬಾಯ್ಲರಿನಲ್ಲಿ ಫಿಲ್ಟರಿನ ತಳದಲ್ಲಿ ಕೂತ ನೀರು ಮಂಜಾಗಿ ಎಣ್ಣೆಯನ್ನು ತಡೆಯುತ್ತದೆ, ಚಳಿಗಾಲಕ್ಕೆ ಮೊದಲೇ ಅದನ್ನು ಬಸಿಯಿರಿ.

ಗ್ಲೈಕಾಲ್: ಉಳಿದ ದಾರಿ ಸಾಲದಾದಾಗ

ಗ್ಲೈಕಾಲ್ ಎಂದರೆ ಹೀಟಿಂಗ್ ನೀರಿಗೆ ಬೆರೆಸಿ ಅದು ಬೇಗ ಹೆಪ್ಪುಗಟ್ಟದಂತೆ ಮಾಡುವ ದ್ರವ. ವಾರಗಟ್ಟಲೆ ಖಾಲಿ ಬೀಳುವ ಮನೆಗೆ, ಕರೆಂಟು ನೆಚ್ಚಲಾಗದ ಕಡೆಗೆ ಇದು ಸರಿಯಾದ ಮದ್ದು. ದಿನವೂ ಜನ ಇರುವ ಮನೆಗೆ ಮೇಲೆ ಹೇಳಿದ್ದಷ್ಟೇ ಸಾಕು, ಗ್ಲೈಕಾಲಿನ ರಗಳೆ ಬೇಡ.

ಹೀಟಿಂಗಿಗೆಂದೇ ತಯಾರಾದ, ತುಕ್ಕು ತಡೆಯುವ ಅಂಶವಿರುವ ಪ್ರೊಪಿಲೀನ್ ಗ್ಲೈಕಾಲ್ ಬಳಸಿ. ಕಾರಿನ ಆಂಟಿಫ್ರೀಜ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ, ಸೋರಿದರೆ ಕುಡಿಯುವ ನೀರಿಗೆ ಸೇರುವ ಅಪಾಯವಿದೆ. ಗಾತ್ರದ ಲೆಕ್ಕದಲ್ಲಿ 30 ಶೇಕಡ ಪ್ರೊಪಿಲೀನ್ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯವರೆಗೆ, 40 ಶೇಕಡ ಸುಮಾರು ಮೈನಸ್ 21ರವರೆಗೆ ಕಾಯುತ್ತದೆ. 20 ಶೇಕಡಕ್ಕಿಂತ ಕಡಿಮೆ ಬೆರೆಸಿದರೆ ಬ್ಯಾಕ್ಟೀರಿಯಾಗಳಿಗೆ ಊಟ ಹಾಕಿದಂತೆ, ಅದರಲ್ಲಿ ಕೆಸರು ಕಟ್ಟುತ್ತದೆ. ಹಾಗೆಂದು ಹೆಚ್ಚು ಬೆರೆಸುವುದೂ ಸಲ್ಲದು: ದ್ರವ ಮಂದವಾಗಿ ಪಂಪಿಗೆ ಭಾರ, ಬಿಸಿ ಹೊರುವ ಶಕ್ತಿಯೂ ಕಡಿಮೆ. ನೀರಿಗಿಂತ ಹೆಚ್ಚು ಹಿಗ್ಗುವುದರಿಂದ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ದೊಡ್ಡದು ಬೇಕಾಗಬಹುದು. ನಿಮ್ಮ ಬಾಯ್ಲರಿನ ತಯಾರಕರು ಗ್ಲೈಕಾಲ್ ಒಪ್ಪುತ್ತಾರೆಯೇ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿ. ಅಲ್ಯೂಮಿನಿಯಂ ಹೀಟ್ ಎಕ್ಸ್‌ಚೇಂಜರ್ ಇದ್ದರಂತೂ ಈ ಮಾತು ಇನ್ನೂ ಮುಖ್ಯ. ಸತುವು ಲೇಪಿಸಿದ ಪೈಪುಗಳಿಗೂ ಗ್ಲೈಕಾಲಿಗೂ ಆಗಿಬರುವುದಿಲ್ಲ.

ಲೆಕ್ಕಕ್ಕೆ ಒಟ್ಟು ನೀರು ಎಷ್ಟೆಂದು ತಿಳಿಯಬೇಕು, ಬಸಿಯುವಾಗ ಬಕೆಟಿನಲ್ಲಿ ಅಳೆಯುವುದೇ ನೆಚ್ಚಿನ ದಾರಿ. 120 ಲೀಟರಿನ ವ್ಯವಸ್ಥೆಗೆ 30 ಶೇಕಡ ಎಂದರೆ 36 ಲೀಟರ್ ಶುದ್ಧ ಗ್ಲೈಕಾಲ್. ಹಳೆಯ ನೀರನ್ನು ಪೂರ್ತಿ ತೊಳೆದು ತೆಗೆದ ಮೇಲೆಯೇ ಹಾಕಿ. ಈಗಾಗಲೇ ಇರುವ ಮಿಶ್ರಣ 20 ಶೇಕಡಕ್ಕೆ ಇಳಿದಿದ್ದರೆ 15 ಲೀಟರ್ ಹೊರತೆಗೆದು 15 ಲೀಟರ್ ಶುದ್ಧ ಗ್ಲೈಕಾಲ್ ತುಂಬಿದರೆ ಮತ್ತೆ 30ಕ್ಕೆ ಬರುತ್ತದೆ. ಪಂಪನ್ನು ಒಂದು ಗಂಟೆ ಓಡಿಸಿ, ಪ್ರೊಪಿಲೀನ್ ಗ್ಲೈಕಾಲಿನ ಅಳತೆಪಟ್ಟಿ ಇರುವ ರಿಫ್ರಾಕ್ಟೋಮೀಟರಿನಲ್ಲಿ (ಮಿಶ್ರಣದ ಪ್ರಮಾಣ ಅಳೆಯುವ ಸಾಧನ) ನೋಡಿ. ವರ್ಷಕ್ಕೊಮ್ಮೆ ಇದನ್ನೂ ಪಿಎಚ್ ಅನ್ನೂ ಪರೀಕ್ಷಿಸಿ, ಪಿಎಚ್ 7ಕ್ಕಿಂತ ಕೆಳಗಿಳಿದಿದ್ದರೆ ದ್ರವ ಕೆಟ್ಟು ಲೋಹ ತಿನ್ನತೊಡಗಿದೆ ಎಂದರ್ಥ. ತಾನಾಗಿ ನೀರು ತುಂಬಿಕೊಳ್ಳುವ ವಾಲ್ವನ್ನು ಮುಚ್ಚಿಡಿ, ಇಲ್ಲವಾದರೆ ಸಣ್ಣ ಸೋರಿಕೆಯೊಂದು ವರ್ಷದಲ್ಲಿ ಮಿಶ್ರಣವನ್ನು ಯಾರಿಗೂ ತಿಳಿಯದಂತೆ ನೀರು ಮಾಡಿಬಿಡುತ್ತದೆ.

ಗ್ಲೈಕಾಲ್ ಕಾಯುವುದು ರೇಡಿಯೇಟರುಗಳ ಸುತ್ತನ್ನು. ನಲ್ಲಿಗೆ ಬಿಸಿನೀರು ಕೊಡುವ ಕಾಂಬಿ ಬಾಯ್ಲರಿನಲ್ಲಿ ನಲ್ಲಿ ಬದಿಯ ನೀರು ಬರೀ ನೀರೇ, ಕಂಡೆನ್ಸೇಟ್ ಟ್ರ್ಯಾಪಿನದ್ದೂ ಅಷ್ಟೇ. ಮನೆ ಖಾಲಿ ಬಿಡುವಾಗ ಇವೆರಡನ್ನೂ ಬಸಿಯಲೇಬೇಕು. ಕರೆಂಟು ಮತ್ತು ಇಂಧನ ನಿಲ್ಲಿಸಿ, ಬಾಯ್ಲರ್ ತಣಿಯಲು ಬಿಡಿ, ಮೇನ್ ನೀರು ಮುಚ್ಚಿ, ಅತಿ ಕೆಳಗಿನ ಬಿಸಿನೀರಿನ ನಲ್ಲಿ ಮತ್ತು ತಣ್ಣೀರಿನ ನಲ್ಲಿ ಎರಡನ್ನೂ ತೆರೆದು ಹಾಗೆಯೇ ಬಿಡಿ. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ಸಂದಿಗಳಲ್ಲಿ ನೀರು ಉಳಿಯುತ್ತದೆ, ಅದನ್ನು ಕಡಿಮೆ ಒತ್ತಡದ ಗಾಳಿಯಿಂದ ಊದಿ ತೆಗೆಯಬೇಕು. ಸ್ವಿಚ್ಚಿನ ಮೇಲೆ "ನೀರಿಲ್ಲ, ಹಚ್ಚಬೇಡಿ" ಎಂಬ ಚೀಟಿ ಅಂಟಿಸಿ. ಮರಳಿ ಬಂದಾಗ ಮೊದಲು ಮಾಡಬೇಕಾದದ್ದು ಕಂಡೆನ್ಸೇಟ್ ಟ್ರ್ಯಾಪಿಗೆ ನೀರು ತುಂಬುವುದು. ಒಣಗಿದ ಟ್ರ್ಯಾಪಿನ ಮೂಲಕ ಹೊಗೆ ಕೋಣೆಗೆ ಬರುತ್ತದೆ.

ಕಟ್ಟಿಯೇಹೋದರೆ

ಕಂಡೆನ್ಸೇಟ್ ಪೈಪು ಮಾತ್ರ ಕಟ್ಟಿದ್ದರೆ ಕೆಲಸ ಸಣ್ಣದು. ಬಾಯ್ಲರ್ ಆರಿಸಿ, ಬಾಯಿ, ಎಲ್ಬೋ, ಜೋತ ಜಾಗ ಈ ಕ್ರಮದಲ್ಲಿ ಹುಡುಕಿ. ಬಿಸಿನೀರಿನ ಚೀಲ ಕಟ್ಟಿ ಅಥವಾ ಕೈ ತಾಳುವಷ್ಟು ಬಿಸಿಯ ನೀರನ್ನು ಬಾಯಿಯ ಕಡೆಯಿಂದ ಮೇಲಕ್ಕೆ ಸುರಿಯುತ್ತಾ ಬನ್ನಿ. ಕುದಿಯುವ ನೀರು ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ. ಕೆಳಗೆ ಬಿದ್ದ ನೀರು ಮಂಜಾಗಿ ಕಾಲು ಜಾರಿಸುತ್ತದೆ, ಅದರ ಮೇಲೆ ಉಪ್ಪು ಅಥವಾ ಮರಳು ಎರಚಿ. ನೀರು ಹರಿದ ಮೇಲೆ ರೀಸೆಟ್ ಒತ್ತಿ. ಚಳಿ ಇನ್ನೂ ಇದೆಯೆಂದರೆ ಹೀಟಿಂಗ್ ನೀರಿನ ಉಷ್ಣಾಂಶವನ್ನು ತಾತ್ಕಾಲಿಕವಾಗಿ ಏರಿಸಿ. ಹಿಂತಿರುಗುವ ನೀರು ಸುಮಾರು 55 ಡಿಗ್ರಿ ದಾಟಿದರೆ ಆವಿ ದ್ರವವಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ, ಪೈಪಿಗೆ ಬೀಳುವ ತೊಟ್ಟುಗಳೂ ನಿಲ್ಲುತ್ತವೆ. ಇಂಧನ ಸ್ವಲ್ಪ ಹೆಚ್ಚು ಹೋಗುತ್ತದೆ, ಆ ಒಂದೆರಡು ದಿನಕ್ಕೆ ಅದು ಸರಿಯೇ.

ಹೀಟಿಂಗ್ ಪೈಪೋ ಬಾಯ್ಲರಿನ ಒಳಗೋ ಹೆಪ್ಪುಗಟ್ಟಿದ ಅನುಮಾನವಿದ್ದರೆ ಬಾಯ್ಲರ್ ಹಚ್ಚಿ ಕರಗಿಸಲು ಹೋಗಬೇಡಿ. ನೀರು ಸುತ್ತದೆ ಒಂದೇ ಕಡೆ ಕುದಿಯತೊಡಗುತ್ತದೆ. ಬೆಂಕಿಯ ಜ್ವಾಲೆ ಹಿಡಿಯುವುದಂತೂ ಬೇಡವೇ ಬೇಡ. ಕರೆಂಟು ತೆಗೆದು, ಮೇನ್ ನೀರು ಮುಚ್ಚಿ, ಹತ್ತಿರದ ನಲ್ಲಿ ತೆರೆದಿಡಿ. ಕೋಣೆಯ ಗಾಳಿಯನ್ನು ನಿಧಾನಕ್ಕೆ ಬೆಚ್ಚಗೆ ಮಾಡಿ. ಪೈಪಿನ ಮೇಲೆ ಹೇರ್ ಡ್ರೈಯರನ್ನು ತೆರೆದ ನಲ್ಲಿಯ ಕಡೆಯಿಂದ ಮಂಜಿನತ್ತ ಸರಿಸುತ್ತಾ ಬನ್ನಿ, ಆಗ ಕರಗಿದ ನೀರು ಹೊರಬರಲು ದಾರಿಯಿರುತ್ತದೆ.

ಸೋರಿಕೆ ಕಾಣಿಸುವುದು ಕರಗಿದ ಮೇಲೆ. ಅಲ್ಲಿಯವರೆಗೆ ಮಂಜೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಹಾಗಾಗಿ ಬಕೆಟು, ಬಟ್ಟೆ ಹತ್ತಿರವಿಟ್ಟುಕೊಂಡು ಪ್ರತಿ ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡಿ. ಒತ್ತಡವನ್ನು 1ರಿಂದ 1.5 ಬಾರ್‌ಗೆ ತಂದು, ತುಂಬುವ ಹೋಸು ಬಿಚ್ಚಿ, ಒಂದು ಗಂಟೆ ಮುಳ್ಳನ್ನು ಗಮನಿಸಿ. ಇಳಿದರೆ ಎಲ್ಲೋ ಸೋರುತ್ತಿದೆ. ಹೋಸು ಬಿಚ್ಚಿದ ಮೇಲೂ ಕಾಂಬಿ ಬಾಯ್ಲರಿನ ಒತ್ತಡ ತಾನಾಗಿ 3 ಬಾರ್‌ನತ್ತ ಏರುತ್ತಿದ್ದರೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಒಳಗೇ ಬಿರಿದು ಮೇನ್ ನೀರು ಹೀಟಿಂಗಿಗೆ ನುಗ್ಗುತ್ತಿದೆ. ಮೇನ್ ನೀರು ಮುಚ್ಚಿ, ಬಾಯ್ಲರಿನ ಪೆಟ್ಟಿಗೆಯನ್ನು ನೀವೇ ತೆರೆಯದೆ ಪರವಾನಗಿ ಇರುವ ತಂತ್ರಜ್ಞರನ್ನು ಕರೆಸಿ.